ಹೂಮಳೆಗೆ ಮುಂಚೆ ಬಂದ ಗಾಳಿ

ಕೊಡಗಿನ ಪೊನ್ನಂಪೇಟೆ ಕಡೆ ಮೈಕ್ರೋಲೈಟ್ ಹಾರಿಸುವುದು ನನ್ನ ಕೆಲಸ. ಇಬ್ಬರು ಕೂರುವ, ಎಲ್ಲ ಸೇರಿ 450 ಕೆಜಿ ದಾಟದ ಪುಟ್ಟ ವಿಮಾನ. ಪ್ರವಾಸಿಗರನ್ನು ತೋಟ, ಗದ್ದೆ ಮೇಲೆ ಹತ್ತು ನಿಮಿಷ ಸುತ್ತಿಸಿ ಇಳಿಸುತ್ತೇನೆ. ಜೂನ್ ಮಳೆ ಹಿಡಿದರೆ ಹಾರಾಟವೇ ಬಂದ್, ತಲೆಬಿಸಿ ಇಲ್ಲ. ನಮಗೆ ಕಾಟ ಜಾಸ್ತಿ ಇರುವುದು ಮಾರ್ಚ್, ಏಪ್ರಿಲ್‌ನ ಹೂಮಳೆಯದ್ದು, ಅಂದರೆ ಕಾಫಿ ಹೂ ಅರಳಿಸುವ ಮಳೆಯದ್ದು. ಕಾಫಿ ಬೆಳೆಗಾರರು ಬರಲಿ ಅಂತ ಆಕಾಶ ನೋಡುತ್ತಾರೆ, ನಾವು ಬಾರದಿರಲಿ ಅಂತ.

ಒಂದು ವರ್ಷ ಏಪ್ರಿಲ್‌ನಲ್ಲಿ ಒಂದು ದಿನ, ಮಧ್ಯಾಹ್ನ 3.30. ರನ್‌ವೇ ಮೇಲೆ ಸುಡು ಬಿಸಿಲು. ಬ್ರಹ್ಮಗಿರಿ ಕಡೆ ಮಾತ್ರ ಒಂದು ಮೋಡ ಹೂಕೋಸಿನ ಹಾಗೆ ಉಬ್ಬುತ್ತಿತ್ತು, ಬುಡ ಮಸಿ ಕಪ್ಪು. ಬೆಂಗಳೂರಿನಿಂದ ಬಂದವರೊಬ್ಬರು ಎರಡು ಗಂಟೆಯಿಂದ ಕಾದು ಕೂತಿದ್ದರು. "ಸಾರ್, ಹತ್ತೇ ನಿಮಿಷ ಅಲ್ವಾ?" ಅಂದರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮಳೆ ಇಲ್ಲಿಗೆ ಬರುವಷ್ಟರಲ್ಲಿ ಇಳಿದಿರುತ್ತೇವೆ ಅಂತ ಲೆಕ್ಕ ಹಾಕಿದೆ. ಗಾಳಿಯ ಲೆಕ್ಕ ಹಾಕಲೇ ಇಲ್ಲ.

ಐದನೇ ನಿಮಿಷಕ್ಕೆ ಕೆನ್ನೆಗೆ ತಣ್ಣಗೆ ಬಡಿಯಿತು, ಫ್ರಿಜ್ ಬಾಗಿಲು ತೆಗೆದ ಹಾಗೆ. ಕೆಳಗೆ ಸಿಲ್ವರ್ ಓಕ್‌ಗಳೆಲ್ಲ ಒಟ್ಟಿಗೆ ಬಾಗಿ, ಎಲೆಗಳ ಬಿಳಿ ಬೆನ್ನು ಕಾಣಿಸಿತು. ತಕ್ಷಣ ತಿರುಗಿಸಿದೆ. ಇಳಿಯುವಾಗ ಮೊದಲು ಎದುರುಗಾಳಿ ವಿಮಾನವನ್ನು ಎತ್ತಿತು. ಕೈ ತಾನಾಗಿ ಥ್ರಾಟಲ್, ಅಂದರೆ ಎಂಜಿನ್ ಶಕ್ತಿ, ಕಡಿಮೆ ಮಾಡಲು ಹೋಯಿತು. ಮರುಕ್ಷಣ ಆ ಗಾಳಿಯೇ ಇಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೂ ಕುಸಿಯುತ್ತಲೇ ಇದ್ದೆವು. ಬೇಲಿಗಿಂತ ಒಂದಾಳೆತ್ತರ ಮೇಲಿರುವಾಗ ಹಿಡಿತ ಸಿಕ್ಕಿತು.

ಇಳಿದ ಮೇಲೆ ಅವರು, "ಸಾರ್, ಲಾಸ್ಟ್‌ನಲ್ಲಿ ಆ ಡ್ರಾಪ್ ಸೂಪರ್! ಎಲ್ಲರಿಗೂ ಮಾಡ್ತೀರಾ?" ಅಂತ ಕೇಳಿದರು. ನನಗೆ ಹೆಲ್ಮೆಟ್ ಪಟ್ಟಿ ಬಿಚ್ಚಲು ಬೆರಳೇ ಬಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆಲಿಕಲ್ಲು ಸುರಿಯಿತು. ಸಂಜೆ ಪಕ್ಕದ ತೋಟದವರು ಖುಷಿಯಿಂದ ಫೋನ್ ಮಾಡಿದರು: "1 ಇಂಚು 20 ಸೆಂಟ್ ಬಂತು, ನಿಮ್ಮಲ್ಲಿ ಎಷ್ಟು?" (ಮಳೆ ಅಳತೆಯಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು.)

ಗುಡುಗು ಮೋಡದಿಂದ ಸುರಿಯುವ ಮಳೆ ಸುತ್ತಲಿನ ಗಾಳಿಯನ್ನು ತಂಪು ಮಾಡಿ ತನ್ನ ಜೊತೆ ಕೆಳಗೆ ಎಳೆದು ತರುತ್ತದೆ. ಅಂಗಳಕ್ಕೆ ಒಂದು ಕೊಡ ನೀರು ಚೆಲ್ಲಿದ ಹಾಗೆ ಆ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡುತ್ತದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಇಳಿಯುತ್ತಿದ್ದ ಮೂರು ಎಂಜಿನ್‌ನ ದೊಡ್ಡ ಜೆಟ್ ಇಂಥದ್ದೇ ಗಾಳಿಗೆ ಸಿಕ್ಕಿ ರನ್‌ವೇ ಮುಟ್ಟುವ ಮುಂಚೆಯೇ ನೆಲಕ್ಕೆ ಬಡಿಯಿತು. 137 ಜನ ಸತ್ತರು. ನಮ್ಮದೋ, ಬಟ್ಟೆಯ ರೆಕ್ಕೆ.

ಜೋರು ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರ ಇರಬೇಕು ಅಂತ ಪಾಠದಲ್ಲೇ ಇದೆ. ನೇರ ಗೆರೆ ಎಳೆದರೆ ಪೊನ್ನಂಪೇಟೆಯಿಂದ ಸುಮಾರು ಮಡಿಕೇರಿಯಷ್ಟು ದೂರ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದೆ.

ಈಗ ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 10.30ಕ್ಕೆ ವಿಮಾನ ಶೆಡ್‌ಗೆ ಹಾಕುತ್ತೇನೆ. 11ಕ್ಕೆ ಬಂದವರು ಬಿಸಿಲು ತೋರಿಸಿ ಜಗಳ ಆಡುತ್ತಾರೆ. ಸುಮ್ನೆ ಕೇಳಿಸಿಕೊಂಡು, ಕಾಫಿ ಕುಡಿಸಿ ಕಳಿಸುತ್ತೇನೆ.