‘ಮೇಡಂ, ಆರ್ಗ್ಯಾನಿಕ್ ಪೂರ್ತಿ ಬೈಹಾರ್ಟ್ ಮಾಡ್ಬೇಕಾ?’

ಸೆಕೆಂಡ್ ಪಿಯುಸಿ ಮಕ್ಕಳಿಗೆ ನಾನು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹ್ಯಾಲೋಆಲ್ಕೇನ್ ಪಾಠ ಶುರುವಾದ ವಾರದಲ್ಲೇ ಈ ಪ್ರಶ್ನೆ ಬಂದುಬಿಡುತ್ತದೆ. ಮಕ್ಕಳೂ ಕೇಳುತ್ತಾರೆ, ಅವರ ಅಪ್ಪ ಅಮ್ಮನೂ ಕೇಳುತ್ತಾರೆ. ಹತ್ತು ಪಾಠಗಳಲ್ಲಿ ಐದು ಆರ್ಗ್ಯಾನಿಕ್, ಅಂದರೆ ಇಂಗಾಲದ ಸಂಯುಕ್ತಗಳ ಕೆಮಿಸ್ಟ್ರಿ. ಹೆದರಿಕೆ ಸಹಜ.

ಸ್ವಲ್ಪ ಬೈಹಾರ್ಟ್ ಮಾಡಲೇಬೇಕು. ಫೀನಾಲ್‌ಗೆ ಕ್ಲೋರೋಫಾರ್ಮ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಸ್ಯಾಲಿಸಿಲಾಲ್ಡಿಹೈಡ್, ಅದು ರೀಮರ್-ಟೀಮನ್ ಕ್ರಿಯೆ. ಕಾರ್ಬನ್ ಡೈಆಕ್ಸೈಡ್ ಬಳಸಿ ಸ್ಯಾಲಿಸಿಲಿಕ್ ಆಸಿಡ್ ಪಡೆದರೆ ಕೋಲ್ಬೆ ಕ್ರಿಯೆ. ಬರೀ ಹೆಸರು ನೋಡಿ ಇದನ್ನು ಊಹಿಸಲು ಆಗುವುದಿಲ್ಲ. ಮಗ್ಗಿಯ ಹಾಗೆ ಕಲಿಯಬೇಕು, ಅಷ್ಟೇ.

ಆದರೆ ‘ಏಕೆ’ ಎಂಬ ಪ್ರಶ್ನೆಯ ಉತ್ತರವನ್ನೂ ಉರು ಹೊಡೆಯುತ್ತಾರಲ್ಲ, ಅದು ನನಗೆ ಸಂಕಟ. ಫೀನಾಲ್ ಎಥೆನಾಲ್‌ಗಿಂತ ಏಕೆ ಜಾಸ್ತಿ ಆಮ್ಲೀಯ? ಗೈಡಿನ ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ಸುಮ್ನೆ ಒಂದು ನಿಮಿಷ ಅಂಕಿ ನೋಡಿ. ಎಥೆನಾಲ್‌ನ ಪಿಕೆಎ (ಆಮ್ಲದ ಬಲ ತೋರಿಸುವ ಅಂಕಿ) ಸುಮಾರು 16, ಫೀನಾಲ್‌ನದು 10. ಒಂದು ಅಂಕಿ ಇಳಿದರೆ ಆಮ್ಲದ ಬಲ ಹತ್ತು ಪಟ್ಟು ಏರುತ್ತದೆ. ಆರು ಅಂಕಿ ಎಂದರೆ ಹತ್ತು ಲಕ್ಷ ಪಟ್ಟು! ಎರಡರಲ್ಲೂ ಇರುವುದು ಅದೇ ಓಎಚ್ ಗುಂಪು.

ಹೈಡ್ರೋಜನ್ ಅಯಾನು ಬಿಟ್ಟು ಹೋದ ಮೇಲೆ ಆಕ್ಸಿಜನ್ ಮೇಲೆ ಋಣ ಚಾರ್ಜ್ ಉಳಿಯುತ್ತದೆ. ಎಥೆನಾಲ್‌ನಲ್ಲಿ ಆ ಹೊರೆಯನ್ನು ಆಕ್ಸಿಜನ್ ಒಂದೇ ಹೊರಬೇಕು. ಫೀನಾಲ್‌ನಲ್ಲಿ ಬೆಂಜೀನ್ ಉಂಗುರವೂ ಹೆಗಲು ಕೊಡುತ್ತದೆ. ಉಂಗುರದಲ್ಲಿ ಆಕ್ಸಿಜನ್ ಅಂಟಿದ ಜಾಗದ ಅಕ್ಕಪಕ್ಕದ ಎರಡು ಆರ್ಥೋ ಜಾಗ, ಎದುರಿನ ಒಂದು ಪ್ಯಾರಾ ಜಾಗ ಹೊರೆ ಹಂಚಿಕೊಳ್ಳುತ್ತವೆ. ಹಾಗಾಗಿ ಹೈಡ್ರೋಜನ್ ಸಲೀಸಾಗಿ ಬಿಟ್ಟು ಹೋಗುತ್ತದೆ.

ಇಷ್ಟು ಹಿಡಿದರೆ ಮುಂದಿನದು ತಾನಾಗಿ ಬರುತ್ತದೆ. ಪ್ಯಾರಾ ಜಾಗದಲ್ಲಿ ನೈಟ್ರೋ ಗುಂಪು ಕೂರಿಸಿ. ಅದು ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆಯುತ್ತದೆ, ಹೊರೆ ಇನ್ನೂ ಹಗುರ. ಪಿಕೆಎ 7.1ಕ್ಕೆ ಇಳಿಯುತ್ತದೆ. ಅದೇ ನೈಟ್ರೋ ಆರ್ಥೋ, ಪ್ಯಾರಾಗಳ ನಡುವಿನ ಮೆಟಾ ಜಾಗದಲ್ಲಿದ್ದರೆ 8.3. ಈ ವ್ಯತ್ಯಾಸ ಏಕೆ ಎಂದು ಕ್ಲಾಸಿನಲ್ಲಿ ಕೇಳಿದಾಗ, ಹಿಂದಿನ ಬೆಂಚಿನಲ್ಲಿ ಯಾವಾಗಲೂ ಸುಮ್ಮನಿರುವ ಹುಡುಗಿಯೊಬ್ಬಳು ಎದ್ದು, ‘ಮೆಟಾ ಜಾಗಕ್ಕೆ ಹೊರೆ ಬರೋದೇ ಇಲ್ವಲ್ಲ ಮೇಡಂ, ಅಲ್ಲಿದ್ದು ನೈಟ್ರೋ ಅಷ್ಟೊಂದು ಹೇಗೆ ಸಹಾಯ ಮಾಡುತ್ತೆ?’ ಎಂದಳು. ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಆ ದಿನ ನನಗಾದ ಖುಷಿ ಹೇಳತೀರದು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಬೈಹಾರ್ಟ್ ಮಾಡುವುದು ಕೆಮಿಸ್ಟ್ರಿ ಗೊತ್ತಾಗದೆ ಅಲ್ಲ, ಎಷ್ಟೋ ಸಲ ಇಂಗ್ಲಿಷಿಗೆ ಹೆದರಿ. ಆಕ್ಸಿಡೇಶನ್ ಎಂದರೆ ನೀವು ಹಿಂದೆ ಓದಿದ ಉತ್ಕರ್ಷಣವೇ. ಬೇಸ್ ಎಂದರೆ ಪ್ರತ್ಯಾಮ್ಲ. ಮೊದಲು ಕನ್ನಡದಲ್ಲೇ ಯೋಚಿಸಿ, ಪಕ್ಕದವರಿಗೆ ಕನ್ನಡದಲ್ಲೇ ವಿವರಿಸಿ. ಪರೀಕ್ಷೆಯ ಇಂಗ್ಲಿಷ್ ವಾಕ್ಯ ಆಮೇಲೆ ಕಲಿಯಬಹುದು, ಅದು ಅಷ್ಟು ಕಷ್ಟವಿಲ್ಲ.

ಇವತ್ತು ರಾತ್ರಿ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಹೈಡ್ರೋಜನ್ ಅಯಾನು ಬಿಟ್ಟು ಹೋದ ಫೀನಾಲೇ ಫೀನಾಕ್ಸೈಡ್ ಅಯಾನು; ಪುಸ್ತಕ ನೋಡದೆ ಅದರ ಐದು ರೆಸೊನೆನ್ಸ್ ರಚನೆಗಳನ್ನು, ಅಂದರೆ ಹೊರೆ ಹೇಗೆ ಹಂಚಿಹೋಗುತ್ತದೆ ಎಂದು ತೋರಿಸುವ ಚಿತ್ರಗಳನ್ನು ಬರೆಯಿರಿ. ತಪ್ಪಾದರೆ ಇನ್ನೊಂದು ಹಾಳೆ. ಮುಂದೆ ಅಮೈನ್ ಪಾಠದಲ್ಲಿ, ಬೆಂಜೀನ್ ಉಂಗುರಕ್ಕೆ ಅಮೈನೋ ಗುಂಪು ಸೇರಿದ ಅನಿಲೀನ್ ಅಮೋನಿಯಾಗಿಂತ ಏಕೆ ದುರ್ಬಲ ಪ್ರತ್ಯಾಮ್ಲ ಎಂಬ ಪ್ರಶ್ನೆ ಬರುತ್ತದೆ. ಗೈಡ್ ತೆರೆಯುವ ಮೊದಲು ಆ ಹಾಳೆಯನ್ನೇ ಇನ್ನೊಮ್ಮೆ ನೋಡಿ.