ಗಮಕವೇ ಬಾರದ ವಾದ್ಯಕ್ಕೆ ಏಕೆ ಬರೆಯುತ್ತೀರಿ?

ನಾನು ಹಾರ್ಪ್ಸಿಕಾರ್ಡ್ ಎಂಬ ಯುರೋಪಿನ ಹಳೆಯ ಕೀಲಿಮಣೆ ವಾದ್ಯವೊಂದಕ್ಕೇ ಕೃತಿಗಳನ್ನು ರಚಿಸುತ್ತೇನೆ ಎಂದು ತಿಳಿದ ಕೂಡಲೇ ಸಂಗೀತ ಬಲ್ಲವರು ಕೇಳುವುದು ಇದನ್ನೇ: ಸ್ವರವನ್ನು ಜಾರಿಸಿ, ಆಡಿಸಿ ನುಡಿಸುವ ಗಮಕವಿಲ್ಲದ ಮೇಲೆ ರಾಗ ಎಲ್ಲಿಂದ ಬರಬೇಕು?

ಅವರ ಮಾತು ನಿಜ. ಕೀಲಿ ಒತ್ತಿದರೆ ಒಳಗಿನ ಗರಿಯ ತುದಿಯೊಂದು ತಂತಿಯನ್ನು ಮೀಟುತ್ತದೆ, ಅಷ್ಟೆ. ಆ ತಂತಿಯನ್ನು ಎಳೆಯುವಂತಿಲ್ಲ, ಸ್ವರವನ್ನು ಜಾರಿಸುವಂತಿಲ್ಲ. 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಹಿಂದೂಸ್ತಾನಿ ಹಾಡುಗಳನ್ನು ಈ ವಾದ್ಯಕ್ಕೆ ಹೊಂದಿಸಿ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಿದ. ಹಾಡುಗಳನ್ನು ಯುರೋಪಿನ ಲಯದ ಅಳತೆಗೆ ಕತ್ತರಿಸಿದ್ದರಿಂದ ರಾಗದ ಉಸಿರೇ ನಿಂತುಹೋಗಿದೆ. ಆ ದಾರಿ ನನಗೆ ಬೇಡ.

ಆದರೆ ಈ ವಾದ್ಯ ನೋಡಲು ಪಿಯಾನೋದಂತಿದ್ದರೂ ಮೀಟುವ ಜಾತಿಯದು. ನನ್ನ ಕಿವಿಗೆ ಇದು ವೀಣೆಯ ದೂರದ ನೆಂಟ. ವೈಣಿಕರು ತಾನ, ಅಂದರೆ ತಾಳದ ಕಟ್ಟಿಲ್ಲದೆಯೂ ಲಯ ಹಿಡಿದು ಬೆಳೆಸುವ ರಾಗದ ಭಾಗ, ನುಡಿಸುವುದನ್ನು ನೆನೆಯಿರಿ. ಅಲ್ಲಿ ಮೀಟೇ ಲಯ. ಪಕ್ಕದ ತಾಳದ ತಂತಿಗಳು ನಡುನಡುವೆ ಝೇಂಕರಿಸುತ್ತವೆ. ನನ್ನ ಎಡಗೈ ಮಾಡುವುದು ಆ ತಂತಿಗಳ ಕೆಲಸವನ್ನೇ. ಯುರೋಪಿನ ಸಂಗೀತ ರಚನಕಾರ ಲಿಗೆಟಿ ಇದೇ ವಾದ್ಯಕ್ಕೆ ಬರೆದ 1968ರ ‘ಕಂಟಿನ್ಯುಅಮ್’ನಲ್ಲಿ ಸ್ವರಗಳನ್ನು ಬಿಡಿಯಾಗಿ ಕೇಳಿಸದಷ್ಟು ವೇಗದಲ್ಲಿ ಹರಿಸಿ, ಬಿಡಿ ಮೀಟುಗಳಿಂದಲೇ ಅಖಂಡ ನಾದ ಹುಟ್ಟಿಸಿದ. ವಾದ್ಯದ ಸ್ವಭಾವವನ್ನೇ ಹಿಡಿದು ನಡೆಯುವ ಧೈರ್ಯ ನನಗೆ ಬಂದದ್ದು ಅದನ್ನು ಕೇಳಿದ ಮೇಲೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಶ್ರುತಿ. ಹಾರ್ಪ್ಸಿಕಾರ್ಡ್ ನುಡಿಸುವವರು ತಮ್ಮ ವಾದ್ಯವನ್ನು ತಾವೇ ಶ್ರುತಿ ಮಾಡಿಕೊಳ್ಳುತ್ತಾರೆ, ನಮ್ಮವರು ತಂಬೂರಿಗೆ ಮಾಡಿಕೊಳ್ಳುವಂತೆ. ಹಾಗಾಗಿ ಒಂದು ಕೃತಿಯಲ್ಲಿ ಇಡೀ ಕೀಲಿಮಣೆಯನ್ನು ಸ-ರಿ-ಗ-ಪ-ನಿ ಎಂಬ ಐದೇ ಸ್ವರಗಳ ಹಂಸಧ್ವನಿ ರಾಗಕ್ಕೆ ಒಪ್ಪಿಸಿದೆ. ಸ-ಪ, ಪ-ರಿ, ಗ-ನಿ ಮೂರೂ ಶುದ್ಧ ಪಂಚಮಗಳು, ಅಂದರೆ ಕಂಪನಗಳ ಅನುಪಾತ 3:2; ಸ-ಗ 5:4. ಐದು ಸ್ವರಗಳೂ ಕೂಡಿದವು, ಸ್ಥಾಯಿಯ ಹನ್ನೆರಡು ಕೀಲಿಗಳಲ್ಲಿ ಏಳು ಉಳಿದವು. ಅವುಗಳಲ್ಲಿ ಮಧ್ಯಮದ ಕೀಲಿಯ ತಂತಿಯನ್ನು ಸಡಿಲಿಸಿ ಇನ್ನೊಂದು ಗಾಂಧಾರಕ್ಕೆ ಇಳಿಸಿದೆ. ಅದು ಪಂಚಮಗಳನ್ನು ಒಂದರ ಮೇಲೊಂದು ಪೋಣಿಸುತ್ತಾ ಹೋದರೆ ಸಿಗುವ 81:64. ಎರಡು ಗಾಂಧಾರಗಳ ನಡುವೆ ಕೂದಲೆಳೆಯ ಅಂತರ. ಬೆರಳುಗಳು ಒಂದರಿಂದ ಇನ್ನೊಂದಕ್ಕೆ ಬೇಗಬೇಗ ಹೋಗಿಬಂದರೆ ಗಾಂಧಾರ ನಡುಗುತ್ತದೆ. ಅದನ್ನು ಗಮಕವೆಂದು ನಾನು ಕರೆಯುವುದಿಲ್ಲ. ಅದು ಈ ವಾದ್ಯಕ್ಕೆ ಮಾತ್ರ ಸಾಧ್ಯವಾದ ನಡುಕ, ಮತ್ತು ನನಗೆ ಬೇಕಾದುದೂ ಅದೇ.

ಕೊನೆಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕೆಂದು ಬರೆದಿದ್ದೇನೆ. ಮಧ್ಯಸ್ಥಾಯಿಯಲ್ಲಿ ನಾದ ಸೆಕೆಂಡಿಗೆ ಸುಮಾರು ನಾಲ್ಕು ಸಲ ಅಲೆಯಾಡುತ್ತದೆ. ಅದು ಆರುವ ತನಕ ಬೆರಳು ಎತ್ತಬಾರದು.