ಲಾಲ್‌ಬಾಗಿನ ಬಾದಾಮಿ, ಇಂದಿರಾನಗರದ ಬಿಯರ್

ಮಾವಿನ ಬಿಯರ್ ಕುಡಿಯಲು ಹೊರಟವರು ಮೊದಲು ಮಾವಿನಹಣ್ಣು ತಿನ್ನಬೇಕು. ಹಾಗಾಗಿ ಈ ದಾರಿ ಪಬ್ಬಿನ ಬಾಗಿಲಲ್ಲಿ ಅಲ್ಲ, ಲಾಲ್‌ಬಾಗಿನ ಮಾವು ಮೇಳದಲ್ಲಿ ಶುರುವಾಗುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ ಶ್ರೀನಿವಾಸಪುರ, ರಾಮನಗರ ಕಡೆಯ ಬೆಳೆಗಾರರ ಹಣ್ಣು ಅಲ್ಲಿಗೆ ಬಂದಿರುತ್ತದೆ. ಒಂದೊಂದು ಜಾತಿಯದೂ ಒಂದು ಹಣ್ಣು ಎತ್ತಿ ತೊಟ್ಟಿನ ಹತ್ತಿರ ಮೂಸಿ ನೋಡಿ. ಹೊರಗಿನವರು ಆಲ್ಫಾನ್ಸೊ ಎನ್ನುವ ನಮ್ಮ ಬಾದಾಮಿಗೆ ಗಟ್ಟಿ ಘಮ. ರಸಪುರಿ ಹಿಂಡಿ ಹೀರುವ ಹಣ್ಣು, ಸಿಹಿಯ ಹಿಂದೆಯೇ ಸಣ್ಣ ಹುಳಿ. ತೋತಾಪುರಿಗೆ ಘಮ ಕಮ್ಮಿ, ಹುಳಿ ಜಾಸ್ತಿ. ತೊಟ್ಟು ಮುರಿದಾಗ ಒಸರುವ ಸೊನೆಯದು ಟರ್ಪೆಂಟೈನಿನ ಘಾಟು. ಇಷ್ಟು ಮೂಗಿನಲ್ಲಿ ಉಳಿದರೆ ಸಂಜೆ ಗ್ಲಾಸಿನಲ್ಲಿ ಏನಿದೆ, ಏನಿಲ್ಲ ಎಂದು ಬೇರೆಯವರನ್ನು ಕೇಳಬೇಕಿಲ್ಲ. ಬೆಳಿಗ್ಗೆ ಎಂಟಿಆರ್‌ಗೆ ಹೋದರೆ ರವೆ ಇಡ್ಲಿ ತಿನ್ನಿ, ಕಾಫಿ ಎರಡನೇ ಲೋಟಕ್ಕೆ ಹೋಗಬೇಡಿ. ಕಷ್ಟವೇ, ಆದರೆ ಡಿಕಾಕ್ಷನ್ನಿನ ಕಹಿ ನಾಲಿಗೆಯಿಂದ ಬೇಗ ಇಳಿಯುವುದಿಲ್ಲ.

ಗಾಡಿ ಮನೆಯಲ್ಲೇ ಇರಲಿ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಒಂದು ಪೈಂಟ್ ಕುಡಿದವರೂ ಅದನ್ನು ದಾಟಬಹುದು. ಲಾಲ್‌ಬಾಗ್ ನಿಲ್ದಾಣದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು ದಾಟಿ ಇಂದಿರಾನಗರ. ವಾರದ ದಿನ ನಾಲ್ಕು ಗಂಟೆ ಒಳ್ಳೆಯ ಹೊತ್ತು. ಶನಿವಾರ ರಾತ್ರಿ ಗ್ಲಾಸುಗಳು ಅವಸರದಲ್ಲಿ ತೊಳೆದು ಬರುತ್ತವೆ, ಬಿಯರ್ ಬಗ್ಗೆ ಕೇಳಿದರೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. 21 ದಾಟಿದ್ದೀರಿ ಎನ್ನುವುದಕ್ಕೆ ಗುರುತಿನ ಚೀಟಿ ಜೇಬಿನಲ್ಲಿರಲಿ.

ಬಿಯರನ್ನು ತಮ್ಮಲ್ಲೇ ತಯಾರಿಸುವ ಪಬ್ಬುಗಳ ಪೈಕಿ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ಬಂದದ್ದು 2011ರಲ್ಲಿ, ಮ್ಯಾಗ್ರತ್ ರಸ್ತೆಯ ಆರ್ಬರ್ 2012ರಲ್ಲಿ. ಇಂದಿರಾನಗರದ ಟಾಯ್ಟ್ ಕೂಡ ಆ ಮೊದಲ ಸಾಲಿನದೇ. ಮೆಟ್ರೋ ಇಳಿದು ನಡೆದೇ ಹೋಗಬಹುದು. ಎಲ್ಲಿ ಕೂತರೂ ಮೊದಲು ಹಣ್ಣಿನದನ್ನು ಹೇಳಬೇಡಿ. ಹಣ್ಣು ಹಾಕದ ಗೋಧಿ ಬಿಯರ್ ಒಂದು ಚಿಕ್ಕ ಗ್ಲಾಸ್ ತರಿಸಿ. ಅದರಲ್ಲಿ ಎರಡು ಮನೆತನ. ಜರ್ಮನಿಯ ಹೆಫೆವೈಜನ್‌ನಲ್ಲಿ ಅರ್ಧಕ್ಕೂ ಹೆಚ್ಚು ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಗೋಧಿ); ಪಚ್ಚಬಾಳೆಯ, ಲವಂಗದ ವಾಸನೆ ಇರುತ್ತದೆ, ಆದರೆ ಬಾಳೆಯನ್ನೂ ಲವಂಗವನ್ನೂ ಯಾರೂ ಹಾಕಿರುವುದಿಲ್ಲ, ಎರಡೂ ಈಸ್ಟಿನ ಕೆಲಸ. ಬೆಲ್ಜಿಯಂನ ವಿಟ್‌ಗೆ ಮೊಳಕೆ ಬರಿಸದ ಗೋಧಿ, ಕೊತ್ತಂಬರಿ ಬೀಜ, ಕಹಿ ಕಿತ್ತಳೆಯ ಒಣ ಸಿಪ್ಪೆ. ಮಾವು ಎರಡಕ್ಕೂ ಒಗ್ಗುತ್ತದೆ. ನಮ್ಮ ಓಟು ಹೆಫೆವೈಜನ್‌ಗೆ. ವಿಟ್‌ನ ಕಿತ್ತಳೆ ಸಿಪ್ಪೆಯೂ ಮಾವಿನ ಘಮವೂ ಒಂದೇ ಕುರ್ಚಿಗೆ ಜಗಳ ಆಡುತ್ತವೆ.

ಹಣ್ಣಿಗೆ ಗೋಧಿಯನ್ನೇ ಏಕೆ ಆರಿಸುತ್ತಾರೆ? ಕಹಿ ಕಮ್ಮಿ, ಬಿಯರಿನ ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ ಹೆಚ್ಚಾಗಿ 8ರಿಂದ 15 ಅಷ್ಟೇ. ಕಹಿ ಕೊಡುವ ಹಾಪ್ಸ್ ಹೂವು ಜಾಸ್ತಿ ಇರುವ ಐಪಿಎ ಬಿಯರಿಗೆ ಹಾಕಿದರೆ ಮೆತ್ತನೆಯ ಹಣ್ಣು ಸದ್ದೇ ಇಲ್ಲದೆ ಮುಳುಗಿಹೋಗುತ್ತದೆ. ಇನ್ನೊಂದು, ಗೋಧಿ ಬಿಯರ್ ಹುಟ್ಟಿನಿಂದಲೇ ಮಬ್ಬು. ತಿರುಳಿನಿಂದ ಇನ್ನಷ್ಟು ಮಬ್ಬಾದರೆ ಯಾರೂ ತಕರಾರು ಮಾಡುವುದಿಲ್ಲ.

ಗಾಜಿನ ಹಿಂದೆ ಸ್ಟೀಲ್ ಟ್ಯಾಂಕುಗಳು ಕಾಣುವ ಕಡೆ ಕೂರಿ, ಕೆಲಸ ಅಲ್ಲೇ ನಡೆಯುವುದು. ಸಿಪ್ಪೆ, ತೊಟ್ಟು ತೆಗೆದು ತಿರುಳು ಸೋಸಬೇಕು. ಸೊನೆ ಸೇರಿದರೆ ಇಡೀ ಟ್ಯಾಂಕಿಗೆ ಬಣ್ಣದಂಗಡಿಯ ವಾಸನೆ, ನಾರು ಸೇರಿದರೆ ಕವಾಟ ಕಟ್ಟಿಕೊಳ್ಳುತ್ತದೆ. ತಿರುಳನ್ನು 75 ಡಿಗ್ರಿಯಲ್ಲಿ ಕಾಲು ಗಂಟೆ ಇಟ್ಟರೆ ಕಾಡು ಈಸ್ಟು, ಬ್ಯಾಕ್ಟೀರಿಯಾ ಸಾಯುತ್ತವೆ. ಕುದಿಸಿದರೆ ಘಮ ಹೋಗುತ್ತದೆ, ಹಣ್ಣಿನೊಳಗಿನ ಅಂಟು ಪೆಕ್ಟಿನ್ ಬಿಟ್ಟುಕೊಂಡು ಬಿಯರ್ ಅಂಟಂಟು. ಮೊದಲ ಹುದುಗು ಹೆಚ್ಚುಕಮ್ಮಿ ಮುಗಿದ ಮೇಲೆ, ನಾಲ್ಕನೆಯ ಅಥವಾ ಐದನೆಯ ದಿನ, 100 ಲೀಟರಿಗೆ 10 ಕಿಲೋ ಲೆಕ್ಕದಲ್ಲಿ ಹಾಕಿದರೆ ಹದ. ಮೊದಲೇ ಹಾಕಿದರೆ ಉಕ್ಕಿ ಬರುವ ಗಾಳಿಯ ಜೊತೆ ಹಣ್ಣಿನ ಪರಿಮಳ ಕೊಳವೆಯಲ್ಲಿ ಆಚೆ ಹೋಗುತ್ತದೆ. ಬ್ರೂವರಿಯೊಳಗೆ ಘಮಘಮ, ಗ್ಲಾಸಿನಲ್ಲಿ ಸೊನ್ನೆ.

ಬಹಳ ಜನ ಎಡವುವುದು ಇನ್ನು ಮುಂದೆ. ತಿರುಳಿನಲ್ಲಿ ನೂರಕ್ಕೆ 16 ಪಾಲು ಸಕ್ಕರೆ ಇದ್ದರೆ ಆ 10 ಕಿಲೋದಲ್ಲಿ ಒಂದೂವರೆ ಕಿಲೋಗೂ ಹೆಚ್ಚು. ಈಸ್ಟು ಮೂರ್ನಾಲ್ಕು ದಿನದಲ್ಲಿ ಅದನ್ನು ಬಹುಪಾಲು ತಿಂದು ಮುಗಿಸುತ್ತದೆ, 5 ಶೇಕಡಾ ಇದ್ದ ಆಲ್ಕೋಹಾಲ್ 5.4ರ ಹತ್ತಿರ ಬರುತ್ತದೆ. ಸಿಹಿ ಹೋಯಿತು, ಹುಳಿಯೂ ಘಮವೂ ಉಳಿದವು. ಆದ್ದರಿಂದ ನಿಜವಾದ ಮಾವಿನ ಬಿಯರ್ ಸೀಕರಣೆಯ ಹಾಗೆ ಸಿಹಿಯಾಗಿರುವುದಿಲ್ಲ. ಮೊದಲ ಗುಟುಕಿಗೇ ತುಟಿಗೆ ಅಂಟುವ ಸಿಹಿ ಬಂತೆಂದರೆ ಒಂದೋ ಕೊನೆಯಲ್ಲಿ ಸಿರಪ್ ಸುರಿದಿದ್ದಾರೆ, ಇಲ್ಲವೇ ಈಸ್ಟು ಕೆಲಸ ಮುಗಿಸುವ ಮೊದಲೇ ಟ್ಯಾಂಕ್ ತಣ್ಣಗೆ ಮಾಡಿದ್ದಾರೆ. ಎರಡನೆಯದು ಕೆಗ್ (ಬಿಯರ್ ತುಂಬಿಡುವ ಪೀಪಾಯಿ) ಸ್ವಲ್ಪ ಬೆಚ್ಚಗಾದ ಕೂಡಲೇ ಮತ್ತೆ ಹುದುಗೆದ್ದು ನಲ್ಲಿಯಿಂದ ಬರೀ ನೊರೆ ಬರುತ್ತದೆ.

ಗ್ಲಾಸ್ ಮೇಜಿಗೆ ಬಂದ ಕೂಡಲೇ ಕುಡಿಯಬೇಡಿ. ಒಳಗೋಡೆ ನೋಡಿ. ಗುಳ್ಳೆಗಳು ಅಲ್ಲಲ್ಲಿ ಗೋಡೆಗೇ ಅಂಟಿ ಕೂತಿದ್ದರೆ ಗ್ಲಾಸಿನಲ್ಲಿ ಜಿಡ್ಡು ಇದೆ, ಬದಲಾಯಿಸಲು ಹೇಳಿ. ನೊರೆ ಎರಡು ಬೆರಳು ದಪ್ಪ, ಬಿಳಿ, ಗಟ್ಟಿಯಾಗಿರಬೇಕು. ಬಣ್ಣ ಮಾಸಲು ಹಳದಿ. ಮಾಜಾ ಬಾಟಲಿಯ ಕಿತ್ತಳೆ ಬಣ್ಣ ಕಂಡರೆ ಅನುಮಾನಪಡಿ. ನಲ್ಲಿಯಿಂದ ನಾಲ್ಕೈದು ಡಿಗ್ರಿಯಲ್ಲಿ ಬಂದದ್ದು ಅಂಗೈ ಶಾಖಕ್ಕೆ ಐದು ನಿಮಿಷದಲ್ಲಿ ಏಳೆಂಟಕ್ಕೆ ಏರಿದಾಗ ಮೂಗು ಇಳಿಸಿ: ಮೊದಲು ಬಾಳೆ, ಆಮೇಲೆ ಬೆಳಿಗ್ಗೆ ಮೂಸಿದ ಬಾದಾಮಿಯ ತೊಟ್ಟು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಹಣ್ಣು ಇನ್ನೊಂದು ಸಲ ಬರುತ್ತದೆ. ಬೆಣ್ಣೆ ಪಾಪ್‌ಕಾರ್ನ್ ವಾಸನೆ ಬಂದರೆ ಟ್ಯಾಂಕಿನಿಂದ ಬೇಗ ಇಳಿಸಿದ್ದು, ಬೇಯಿಸಿದ ಜೋಳದ್ದಾದರೆ ಹುದುಗಿಗೆ ಮೊದಲು ಮಾಲ್ಟ್ ರಸ ಕುದಿಸಿದ್ದು ಸಾಲದ್ದು. ವಿನೆಗರ್ ಘಾಟಿದ್ದರೆ ಕೆಗ್ಗೋ ನಲ್ಲಿಯ ಕೊಳವೆಯೋ ಕೆಟ್ಟಿದೆ, ವಾಪಸ್ ಕಳಿಸಿ.

ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ ತಿನ್ನುವುದಾದರೆ ತುಟಿ ಒರೆಸಿಕೊಳ್ಳಿ, ಎಣ್ಣೆ ತಾಗಿದ ಕಡೆ ನೊರೆ ಸಾಯುತ್ತದೆ. ಗೋಬಿ ಮಂಚೂರಿ ಬೇಡವೇ ಬೇಡ. ಸೋಯಾ, ಬೆಳ್ಳುಳ್ಳಿಯ ಮುಂದೆ ಮಾವು ನಿಲ್ಲುವುದಿಲ್ಲ.

ಬೋರ್ಡಿನಲ್ಲಿ ಹಲಸು ಕಂಡರೆ ಚಿಕ್ಕ ಗ್ಲಾಸಿನಲ್ಲಿ ಕೇಳಿ, ಅದರ ವಾಸನೆ ಈಸ್ಟಿನ ಬಾಳೆ ವಾಸನೆಯೊಂದಿಗೆ ಕಲೆತು ಎರಡೂ ಅತಿಯಾಗುವುದುಂಟು. ದೇವನಹಳ್ಳಿ ಚಕ್ಕೋತದ ಸಿಪ್ಪೆ ಮಾತ್ರ ವಿಟ್‌ಗೆ ಹೇಳಿ ಮಾಡಿಸಿದ್ದು, ಒಳಗಿನ ಬಿಳಿ ತೊಗಟೆ ತೆಗೆದಿದ್ದರೆ. ಮಾವಿನ ಸೀಸನ್ ಮುಗಿದು ತಿಂಗಳುಗಳಾದ ಮೇಲೂ ಮಾವು ಬರೆದಿದ್ದರೆ ಅದು ಡಬ್ಬಿಯ ತಿರುಳು, ಹೆಚ್ಚಾಗಿ ತೋತಾಪುರಿ. ಕೆಟ್ಟದ್ದೇನಲ್ಲ, ಹುಳಿ ಚೆನ್ನಾಗಿ ಕೊಡುತ್ತದೆ. ಆದರೆ ಅದರಲ್ಲಿ ಬಾದಾಮಿಯ ಘಮ ಹುಡುಕುತ್ತಾ ಎರಡನೇ ಪೈಂಟ್ ಹೇಳಬೇಡಿ.